ನಿನ್ನ ಶ್ರುತಿಪೆಟ್ಟಿಗೆ ರಿಪೇರಿಯಾಯಿತು

ಅಕ್ಕಾ,

ಗಿರಣಿಯಲ್ಲಿ ಕೂತು ಬರೆಯುತ್ತಿದ್ದೇನೆ. ಎನ್.ಆರ್. ಪುರದಲ್ಲಿ ಬೆಳಗ್ಗೆಯಿಂದ ಕರೆಂಟಿಲ್ಲ, ಹಿಟ್ಟು ಮಾಡಿಸುವವರೂ ಇಲ್ಲ. ನಿನ್ನ ಮೇಲೆ ಸಿಟ್ಟಿದೆ. ಸತ್ತವರ ಮೇಲೆ ಸಿಟ್ಟು ಮಾಡಬಾರದಂತೆ, ಆದರೂ ಇದೆ.

ನೆನಪಿದೆಯಾ, ವೋಲ್ಟೇಜ್ ಬಿದ್ದು ಇದೇ ಮೋಟಾರು ಮುಲುಗಿದಾಗ, ನಿನ್ನ ಹತ್ತಿರ ಆಗಷ್ಟೇ ಸಂಗೀತದ ಸರಳೆ ಶುರುಮಾಡಿದ್ದ ನನ್ನ ಮಗಳು "ಅಪ್ಪಯ್ಯ, ಪ ಹೋಗಿ ಮ ಆತು" ಅಂದದ್ದು? "ಎಂತ ಕಿವಿ ಮಾರಾಯ ಈ ಕೂಸಿಂದು! ಇದನ್ನ ನಂಗೆ ಬಿಡು" ಅಂದೆ ನೀನು. ಆಮೇಲೆ ರಜೆ ಬಂದರೆ ಸಾಕು, ಭಾರ್ಗವಿಗೆ ಕೊಪ್ಪದ ನಿನ್ನ ಮನೆ, ನಿನ್ನ ಪಾಠ, ಆ ಹಳೇ ಶ್ರುತಿಪೆಟ್ಟಿಗೆ.

ಥಂಡಿಗೆ ಅದರ ಸ್ವರ ಜಾರಿತ್ತು, ಹಾರ್ಮೋನಿಯಂನ ಯಾವ ಕಪ್ಪು-ಬಿಳಿ ಮನೆಗೂ ಕೂಡುತ್ತಿರಲಿಲ್ಲ. ಯಾರಾದರೂ ಹೇಳಿದರೆ "ಇರ್ಲಿ ಬಿಡಿ, ನಮ್ಮನೆ ಷಡ್ಜ ಇದು" ಎಂದು ನಗುತ್ತಿದ್ದೆ. ಮಗುವಿನ ಕಿವಿಯಲ್ಲಿ ಅದೇ ಕೂತುಬಿಡುತ್ತದೆ ಅಂತ ನಿನಗೆ ಗೊತ್ತಿತ್ತು, ಅಲ್ವಾ?

ಸಂಗೀತದ ವಸತಿಶಾಲೆಯ ಆಯ್ಕೆಗೆ ಕರೆದೊಯ್ದವಳೂ ನೀನೇ. ನಿನ್ನ ಪೆಟ್ಟಿಗೆಗೇ ಹಾಡಿದಳು, ಆಯ್ಕೆ ಮಾಡುವವರು ಬೆರಗಾದರು. ಸೀಟು ಸಿಕ್ಕಿದ ಖುಷಿಗೆ ಕೊಪ್ಪ ಬಸ್‌ಸ್ಟ್ಯಾಂಡಿನಲ್ಲಿ ಕಂಡಕಂಡವರಿಗೆಲ್ಲ ಜಿಲೇಬಿ ಹಂಚಿದೆ. ಶಾಲೆ ಶುರುವಾಗುವ ಮೊದಲೇ ಹೊರಟುಹೋದೆ. ಅಷ್ಟೇನು ಅವಸರವಿತ್ತು ನಿನಗೆ...

ಪೆಟ್ಟಿಗೆಯನ್ನು ಅವಳೇ ಹಾಸ್ಟೆಲ್ಲಿಗೆ ಹೊತ್ತೊಯ್ದಳು. ಅಲ್ಲಿ ಮಕ್ಕಳೆಲ್ಲ ಒಂದೇ ಎಲೆಕ್ಟ್ರಾನಿಕ್ ತಂಬೂರಕ್ಕೆ ಹಾಡಬೇಕು. ಇವಳು ಅರ್ಧದಲ್ಲೇ ನಿನ್ನ ಷಡ್ಜಕ್ಕೆ ಇಳಿದುಬಿಡುತ್ತಿದ್ದಳಂತೆ. ಕಾಯಿನ್ ಬೂತಿನಿಂದ ಫೋನು ಮಾಡಿ "ಅಪ್ಪಯ್ಯ, ಇಲ್ಲಿ ಸ ಸರಿ ಇಲ್ಲೆ" ಎಂದು ಅಳುತ್ತಿದ್ದಳು. ಅಲ್ಲಿಯ ಮೇಡಂ ಕೆಟ್ಟವರಲ್ಲ ಅಕ್ಕಾ. ಮಗುವಿಗೆ ಸುಲಭವಾಗಲಿ ಅಂತ ಪೆಟ್ಟಿಗೆಯೊಳಗಿನ ಹಿತ್ತಾಳೆ ರೀಡು ಕೆರೆಸಿ ಶ್ರುತಿ ಸರಿ ಮಾಡಿಸಿಕೊಟ್ಟರು.

ಅವತ್ತಿನಿಂದ ಅವಳು ಹಾಡಿಲ್ಲ. ಮಾತಾಡುತ್ತಾಳೆ, ಉಣ್ಣುತ್ತಾಳೆ, ಹಾಡುವುದಿಲ್ಲ. ಬೈದೆವು, ಬೇಡಿದೆವು, ಶೃಂಗೇರಿಗೆ ಹೋಗಿ ಶಾರದೆಯ ಮುಂದೆ ಕೂರಿಸಿದೆವು. ಕೊನೆಗೆ ಶಾಲೆಯವರೇ ಕರೆದುಕೊಂಡು ಹೋಗಿ ಅಂದರು.

ನಿನ್ನೆ ನಿನ್ನ ವರ್ಷಾಂತಿಕ. ಊಟವಾದ ಮೇಲೆ ಪೆಟ್ಟಿಗೆ ತೆಗೆದು ಅವಳ ಮುಂದಿಟ್ಟೆ. ಒಮ್ಮೆ ಒತ್ತಿ, ಕೇಳಿ, ಮುಚ್ಚಿದಳು. "ಇದು ಯಾರದ್ದೋ ಅಪ್ಪಯ್ಯ. ಅತ್ತೇದು ಎಲ್ಲಿ?" ನಿನ್ನ ಆ ಷಡ್ಜ ನನಗೂ ನೆನಪಿದೆ ಅಂದುಕೊಂಡಿದ್ದೆ. ಗುನುಗಿ ನೋಡಿದೆ, ಸಿಗಲಿಲ್ಲ.

ಸೋಮವಾರ ಅವಳನ್ನು ಇಲ್ಲಿನ ಸರ್ಕಾರಿ ಶಾಲೆಗೆ ಸೇರಿಸುತ್ತೇನೆ. ಅಲ್ಲಿ ಬೆಳಗ್ಗೆ ಎಲ್ಲರಿಂದ ಪ್ರಾರ್ಥನೆ ಹಾಡಿಸುತ್ತಾರೆ. ಇವಳನ್ನು ಸುಮ್ಮನೆ ನಿಲ್ಲಲು ಬಿಡಿ ಎಂದು ಹೆಡ್‌ಮಾಸ್ಟರಿಗೆ ಹೇಳಿ ಬರುತ್ತೇನೆ.

ನಿನ್ನ ತಮ್ಮ