ಬೆಳಿಗ್ಗೆ ಸಾರು, ಸಂಜೆ ಶುಶ್ರೂಷೆ: ಮುಂಗುಸಿ ಕಚ್ಚಿದ ಕೋಳಿಯ ಪರವಾಗಿ ಪಶುವೈದ್ಯಾಧಿಕಾರಿಗಳಿಗೆ

ನವೆಂಬರ್ ೧೯೯೮

ಮಾನ್ಯ ಪಶುವೈದ್ಯಾಧಿಕಾರಿಗಳೇ,

ಮುಂಗುಸಿ ಕಚ್ಚಿದ ಕೋಳಿಯನ್ನು ಚಿಕಿತ್ಸೆಗೆಂದು ಎತ್ತಿಕೊಂಡು ಬಂದ ನನ್ನ ಅತ್ತೆಗೆ ತಾವು ಸಾರು ಮಾಡುವಂತೆ ಸಲಹೆ ಕೊಟ್ಟು ಕಳಿಸಿದಿರಿ. ನನ್ನ ದೂರು ಇಷ್ಟೇ. ಇದನ್ನು ಒಂದು ಸಾಲಿನಲ್ಲಿ ಬರೆದು ಅಂಚೆಗೆ ಹಾಕಿದ್ದರೆ ತಮ್ಮ ಕಚೇರಿಯ ಕಡತದೊಳಗೆ ಸುಖವಾಗಿ ಮಲಗಿಬಿಡುತ್ತಿತ್ತು. ಅದಕ್ಕೇ ಪತ್ರಿಕೆಯಲ್ಲಿ, ನಾಲ್ಕು ಜನ ಓದುವ ಹಾಗೆ, ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ. ತಮ್ಮ ಹೆಸರನ್ನಾಗಲಿ, ಆಸ್ಪತ್ರೆ ಯಾವ ಊರಿನದೆಂಬುದನ್ನಾಗಲಿ ಹೇಳುವುದಿಲ್ಲ. ಓದಿದ ಕೂಡಲೇ ತಮಗೆ ಗೊತ್ತಾಗುತ್ತದೆ. ನನಗೆ ಅಷ್ಟು ಸಾಕು.

ನಾವಿರುವುದು ಕಣಕಟ್ಟೆ ಕಡೆಯ ಒಂದು ಹಳ್ಳಿಯಲ್ಲಿ. ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ, ನನ್ನ ಗಂಡ ರವಿಕುಮಾರ್ ಬಾಣಾವರದಲ್ಲಿ ರೈಲ್ವೆ ನೌಕರ. ಇಬ್ಬರಿಗೂ ಸಂಬಳ ಬರುವಾಗ ಕೋಳಿಯ ಗೊಡವೆ ಯಾಕೆ ಎಂದು ಅತ್ತೆ ಮುತ್ತಮ್ಮನವರಿಗೆ ನಾವು ಹೇಳುತ್ತಲೇ ಬಂದಿದ್ದೇವೆ. ಅವರು ಪೂರ್ತಿ ಕೇಳಿಸಿಕೊಳ್ಳುತ್ತಾರೆ, ಆಮೇಲೆ ಹೋಗಿ ಇನ್ನೊಂದು ಹೇಂಟೆಯನ್ನು ಕಾವಿಗೆ ಕೂರಿಸುತ್ತಾರೆ. ಅವರ ಕೋಳಿಗಳಲ್ಲೆಲ್ಲ ಹಿರಿಯಳು ಸಾಹುಕಾರ್ತಿ. ಮೈತುಂಬ ಕೆಂಚು ಗರಿ, ಅಳತೆ ಮಾಡಿ ಇಟ್ಟಂಥ ಹೆಜ್ಜೆ. ಅವಳು ಅಂಗಳಕ್ಕೆ ಇಳಿದರೆ ಬೀದಿಯ ನಾಯಿಯೂ ಪಕ್ಕಕ್ಕೆ ಸರಿದು ದಾರಿ ಬಿಡುತ್ತದೆ. ನನ್ನನ್ನು ಕಂಡರೆ ಮಾತ್ರ ಅವಳಿಗೆ ಅಷ್ಟಕ್ಕಷ್ಟೆ.

ದಸರಾ ರಜೆಯ ಒಂದು ಬೆಳಿಗ್ಗೆ ನಾನು ಹಿತ್ತಲಲ್ಲಿ ಹಲ್ಲುಜ್ಜುತ್ತಿದ್ದೆ. ತೆಂಗಿನ ಗರಿ ಒಟ್ಟಿದ್ದ ಕಡೆಯಿಂದ ಒಂದು ಮುಂಗುಸಿ ಹೊರಬಿದ್ದು, ಆಗತಾನೆ ಮೊಟ್ಟೆಯೊಡೆದು ಬಂದಿದ್ದ ಮರಿಗಳ ಮೇಲೆ ನುಗ್ಗಿತು. ಸಾಹುಕಾರ್ತಿ ಓಡಿಹೋಗಲಿಲ್ಲ. ಮರಿಗಳನ್ನು ಹಿಂದಕ್ಕೆ ಹಾಕಿಕೊಂಡು ಎರಡೂ ರೆಕ್ಕೆ ಅಗಲಿಸಿ ಎದುರು ನಿಂತಳು. ನಾನು ಬಾಯಿ ತುಂಬ ನೊರೆ ಇಟ್ಟುಕೊಂಡು ಕಿರುಚಿದೆ, ಅತ್ತೆ ಪೊರಕೆ ಹಿಡಿದು ಓಡಿ ಬಂದರು. ಮುಂಗುಸಿ ಬಾಯಲ್ಲಿ ಬರೀ ಗರಿಗಳನ್ನಿಟ್ಟುಕೊಂಡು ಪರಾರಿಯಾಯಿತು. ಮರಿಗಳೆಲ್ಲ ಉಳಿದವು. ಸಾಹುಕಾರ್ತಿಯ ಬೆನ್ನು ಮಾತ್ರ ಸೀಳಿಹೋಗಿತ್ತು, ಒಂದು ರೆಕ್ಕೆ ನೆಲಕ್ಕೆ ಜೋತುಬಿದ್ದಿತ್ತು. ಅಷ್ಟಾದರೂ ಅವಳು ಮರಿಗಳನ್ನು ಕರೆಯುತ್ತಲೇ ಇದ್ದಳು. ಅತ್ತೆ ಅವಳ ಪಕ್ಕ ನೆಲದ ಮೇಲೆ ಕೂತುಬಿಟ್ಟರು. ನಾನು ಮದುವೆಯಾಗಿ ಬಂದ ಮೇಲೆ ಅವರು ಕಾಫಿ ಬೇಡವೆಂದದ್ದು ಅವತ್ತೇ ಮೊದಲು.

ಪಕ್ಕದ ಮನೆಯ ಸಿದ್ದಬಸಪ್ಪ ಬೇಲಿಯ ಮೇಲಿಂದ ಇಣುಕಿ ಸಮಾಧಾನ ಹೇಳಿದರು. "ಬೆಳಿಗ್ಗೆ ಎದ್ದು ಮುಂಗುಸಿ ನೋಡಿದ್ರೆ ಒಳ್ಳೇದಾಯ್ತದೆ ಕಣಮ್ಮ."

"ಯಾರ್ಗೆ, ಮುಂಗುಸೀಗಾ?" ಎಂದರು ಅತ್ತೆ.

ಆಸ್ಪತ್ರೆಗೆ ಹೋಗೋಣ ಎಂದವಳು ನಾನೇ. ಸರ್ಕಾರ ಪಶುವೈದ್ಯರನ್ನು ಇಟ್ಟಿದೆ ಎಂದು ಮಕ್ಕಳಿಗೆ ಪಾಠ ಮಾಡುವವಳು ನಾನು, ನಾನೇ ನಂಬದಿದ್ದರೆ ಹೇಗೆ? ಸಾಹುಕಾರ್ತಿಯನ್ನು ನನ್ನ ಹಳೆಯ ಸೀರೆಯಲ್ಲಿ ಸುತ್ತಿ, ಬುಟ್ಟಿಯಲ್ಲಿಟ್ಟು ಬಸ್ಸು ಹತ್ತಿದೆವು. ಕಂಡಕ್ಟರ್ ಕೋಳಿಗೂ ಟಿಕೆಟ್ ಕೊಳ್ಳಬೇಕೆಂದ. "ಕೋಳಿ ಅಲ್ಲ ಕಣಪ್ಪ, ರೋಗಿ," ಎಂದರು ಅತ್ತೆ. ಅವನು ಬುಟ್ಟಿಯೊಳಗೆ ಇಣುಕಿ ನೋಡಿ, ಸುಮ್ಮನೆ ಮುಂದಿನ ಸೀಟಿನವರನ್ನು ಎಬ್ಬಿಸಿ ನಮಗೆ ಜಾಗ ಮಾಡಿಕೊಟ್ಟ. ಆಮೇಲೆ ಬಸ್ಸಿಗೆ ಬಸ್ಸೇ ವೈದ್ಯರ ಸಭೆಯಾಯಿತು. ಒಬ್ಬರು ಸುಣ್ಣ ಎಂದರು, ಒಬ್ಬರು ಹೊಗೆಸೊಪ್ಪು ಎಂದರು, ಕಿಟಕಿ ಪಕ್ಕದ ಅಜ್ಜಿ ಕಣ್ಣು ಮುಚ್ಚಿಕೊಂಡು ಮಂತ್ರ ಹಾಕಿದರು. ಇಳಿಯುವಾಗ ಡ್ರೈವರ್ ಕೂಡ ತಿರುಗಿ, "ಉಷಾರಾಗಿ ಇಳಿಸ್ರವ್ವ," ಎಂದ. ಅಷ್ಟು ಹೊತ್ತಿನಲ್ಲಿ ಯಾರೊಬ್ಬರೂ ಸಾರಿನ ಮಾತೆತ್ತಲಿಲ್ಲ ಎಂಬುದನ್ನು ತಮ್ಮ ಗಮನಕ್ಕೆ ತರಬಯಸುತ್ತೇನೆ. ಆ ಮಾತು ಹೊಳೆಯಬೇಕಾದರೆ ಪಶುವೈದ್ಯ ಪದವಿಯೇ ಬೇಕಾಗಿತ್ತು.

ತಾವು ಕುರ್ಚಿಯಲ್ಲಿದ್ದಿರಿ. ಬುಟ್ಟಿಯ ಕಡೆ ನೋಡಿ, "ಇದನ್ನ ಯಾಕ್ರೀ ಇಲ್ಲಿಗೆ ತಂದ್ರಿ?" ಎಂದಿರಿ.

"ಮುಂಗುಸಿ ಕಚ್ಚೈತೆ ಸಾಮಿ. ಬೆನ್ನು ಸೀಳೋಗೈತೆ."

"ವಿಷಯ ಏನಪ್ಪಾ ಅಂದ್ರೆ ಅಜ್ಜಿ, ಇದಕ್ಕೆ ಮದ್ದು ಅರೆಯೋದಕ್ಕಿಂತ ಮಸಾಲೆ ಅರೆಯೋದು ಸುಲಭ. ಇವತ್ತೇ ಸಾರು ಮಾಡಿಬಿಡಿ. ಖಾರ ಸ್ವಲ್ಪ ಮುಂದಾಗಿರಲಿ."

ತಮ್ಮ ಸಿಬ್ಬಂದಿ ನಕ್ಕರು. ಸಾಹೇಬರು ಹಾಸ್ಯ ಮಾಡಿದಾಗ ನಗುವುದು ಸೇವಾ ನಿಯಮವಿರಬಹುದು, ಅವರ ಮೇಲೆ ನನಗೆ ಬೇಸರವಿಲ್ಲ. ಅತ್ತೆ ಸೀರೆಯ ಗಂಟನ್ನು ಇನ್ನಷ್ಟು ಬಿಗಿ ಮಾಡುತ್ತ ಹೇಳಿದರು: "ನಾನೂ ಕೋಳಿ ತಿನ್ನೋಳೇಯ ಸಾಮಿ. ಹಬ್ಬ ಬಂದ್ರೆ ನಾನೇ ಕುಯ್ತೀನಿ. ಸಾರು ಮಾಡೋಕೆ ನಮ್ಮನೇಲಿ ಒಲೆ ಐತೆ. ಒಲೇಲಿ ಆಗ್ದಿದ್ ಕೆಲ್ಸ ಇಲ್ಲೇನಾರ ಆಯ್ತದಾ ಅಂತ ಬಂದೆ."

ಸ್ವಾಮಿ, ಈ ಮಾತಿಗೆ ತಾವು ಉತ್ತರ ಕೊಟ್ಟಿಲ್ಲ. ಆಗ ದೂರವಾಣಿ ಬಂತು, ಎತ್ತಿಕೊಂಡಿರಿ. ಹಸುವಿಗಾದರೆ ಆಸ್ಪತ್ರೆ, ಎಮ್ಮೆಗಾದರೆ ಆಸ್ಪತ್ರೆ, ಕೋಳಿಗಾದರೆ ಬಾಣಲೆ ಎಂದು ಯಾವ ಸುತ್ತೋಲೆಯಲ್ಲಿದೆ? ತಿನ್ನುವ ಪ್ರಾಣಿಗೆ ಚಿಕಿತ್ಸೆ ಇಲ್ಲವೆಂದಾದರೆ ಕುರಿಗೆ ತಾವು ಸೂಜಿ ಹಾಕುವುದು ಯಾತಕ್ಕೆ, ಮಾಂಸ ಮೆತ್ತಗಾಗಲಿ ಎಂದೇ? ಹಿತ್ತಲಲ್ಲಿ ಕೋಳಿ ಸಾಕುವವರು ಹೆಚ್ಚಾಗಿ ಹೆಂಗಸರು. ಅವರಿಗೆ ಇನ್ಯಾರನ್ನೂ ಕೇಳದೆ ನನ್ನದು ಎಂದು ಹೇಳಿಕೊಳ್ಳಲು ಇರುವ ಆಸ್ತಿ ಹಲವು ಮನೆಗಳಲ್ಲಿ ಅದೊಂದೇ. ಅದು ಗಾಯಗೊಂಡಾಗ ನಗುವುದು ಎಷ್ಟು ಸಣ್ಣ ಕೆಲಸವೆಂದು ನಾನು ವಿವರಿಸಬೇಕೆ?

ಸಂಜೆ ಮನೆಯಲ್ಲಿ ಅತ್ತೆಗೂ ನನಗೂ ಜಗಳ. ಅವರು ಗಾಯಕ್ಕೆ ಸುಣ್ಣ ಮೆತ್ತಬೇಕೆಂದರು, ನಾನು ಟಿಂಚರ್ ಸುರಿಯಬೇಕೆಂದೆ. ಕೆಲಸ ಮುಗಿಸಿ ಬಂದ ರವಿಕುಮಾರ್ ಇಬ್ಬರ ನಡುವೆ ನ್ಯಾಯ ಹೇಳಲಾರದೆ ರೇಡಿಯೋ ಹಾಕಿದರು. ಕೃಷಿ ಕಾರ್ಯಕ್ರಮ ಬರುತ್ತಿತ್ತು. "ಈಗ, ಪರಭಕ್ಷಕ ಪ್ರಾಣಿಗಳಿಂದ ಗಾಯಗೊಂಡ ಕೋಳಿಗಳ ಶುಶ್ರೂಷೆ ಮತ್ತು ರಕ್ಷಣೆ ಕುರಿತು ಪಶುವೈದ್ಯಾಧಿಕಾರಿಗಳಿಂದ ಭಾಷಣ" ಎಂದು ಹೇಳಿ, ಅಧಿಕಾರಿಗಳ ಹೆಸರು ಹೇಳಿದರು. ಬೆಳಿಗ್ಗೆ ತಮ್ಮ ಬಾಗಿಲ ಫಲಕದಲ್ಲಿ ಓದಿದ್ದ ಹೆಸರೇ. ನಾವು ಮುಖ ಮುಖ ನೋಡಿಕೊಂಡೆವು. ಆಮೇಲೆ ಆ ದನಿ ಬಂತು.

"ರೈತ ಬಾಂಧವರೇ, ವಿಷಯ ಏನಪ್ಪಾ ಅಂದರೆ, ಗಾಯಗೊಂಡ ಕೋಳಿಯನ್ನು ಕೊಯ್ದುಬಿಡಲು ದಯವಿಟ್ಟು ಆತುರಪಡಬೇಡಿ."

"ಅದೇ ಆಸಾಮಿ ಕಣೇ," ಎಂದರು ಅತ್ತೆ, ರೇಡಿಯೋದ ಹಿಂಬದಿ ಒಮ್ಮೆ ನೋಡಿ.

ತಾವು ಎಷ್ಟು ಚೆನ್ನಾಗಿ ಮಾತಾಡಿದಿರಿ ಸ್ವಾಮಿ. ರಕ್ತ ಕಂಡರೆ ಉಳಿದ ಕೋಳಿಗಳು ಅದೇ ಜಾಗಕ್ಕೆ ಕುಕ್ಕುತ್ತವೆ, ಮೊದಲು ಬೇರೆ ಮಾಡಿ, ಬೆಚ್ಚಗೆ ಮಬ್ಬುಗತ್ತಲಲ್ಲಿಡಿ ಎಂದಿರಿ. ನಾವು ಹಾಗೇ ಟಿವಿ ಬಂದಿದ್ದ ರಟ್ಟಿನ ಪೆಟ್ಟಿಗೆಯಲ್ಲಿ ಅವಳನ್ನು ಇಟ್ಟೆವು. ಗಾಯದ ಸುತ್ತಲ ಗರಿ ಕತ್ತರಿಸಿ, ಕಾಯಿಸಿ ಆರಿಸಿದ ಉಪ್ಪುನೀರಿನಿಂದ ತೊಳೆಯಿರಿ ಎಂದಿರಿ. ರವಿಕುಮಾರ್ ಹಿಡಿದುಕೊಂಡರು, ನಾನು ತೊಳೆದೆ, ಸಾಹುಕಾರ್ತಿ ಇಬ್ಬರಿಗೂ ಕುಕ್ಕಿದಳು. ಸುಣ್ಣ ಬೇಡ ಎಂದಿರಿ, ನಾನು ಅತ್ತೆಯ ಮುಖ ನೋಡಿದೆ. ಟಿಂಚರ್ ಸುರಿದು ಸುಡಬೇಡಿ ಎಂದಿರಿ, ಅತ್ತೆ ನನ್ನ ಮುಖ ನೋಡಿದರು. ಅರಿಶಿನ ಹಚ್ಚಿ, ನೊಣ ಕೂತು ಹುಳುವಾಗದಂತೆ ಕಾಯಿರಿ, ಬೆಲ್ಲದ ನೀರು ಕುಡಿಸಿ, ಜೋತ ರೆಕ್ಕೆಯನ್ನು ಮೈಗೆ ಸೇರಿಸಿ ಬಟ್ಟೆಪಟ್ಟಿಯಿಂದ ಹಗುರವಾಗಿ ಕಟ್ಟಿ ಎಂದಿರಿ. ಎಲ್ಲವನ್ನೂ ಮಾಡಿದೆವು. ಕೊನೆಗೆ ತಾವು ಹೇಳಿದಿರಿ: "ಕಚ್ಚಿದ ಗಾಯ ಒಳಗೊಳಗೇ ಕೀವಾಗುವುದರಿಂದ ಔಷಧಿಗಾಗಿ ಹತ್ತಿರದ ಪಶು ಆಸ್ಪತ್ರೆಗೆ ತಪ್ಪದೇ ಬನ್ನಿ. ನಮ್ಮ ಸಿಬ್ಬಂದಿ ನಗುಮೊಗದಿಂದ ನಿಮ್ಮ ಸೇವೆಗೆ ಕಾದಿರುತ್ತಾರೆ."

ನಗುಮೊಗ ಎಂದ ಕೂಡಲೇ ಅತ್ತೆಗೆ ನಗು ಉಕ್ಕಿತು. ಬೆಳಗಿಂದ ಒಂದು ತುತ್ತು ತಿಂದಿರಲಿಲ್ಲ ಅವರು. ಗೋಡೆಗೆ ಒರಗಿ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, "ನಗ್ತಿದ್ದುದ್ದೇನೋ ದಿಟ ಕಣೇ, ಸುಳ್ ಹೇಳ್ಬಾರ್ದು," ಎಂದರು. ರವಿಕುಮಾರ್ ನಕ್ಕರು, ನಾನು ನಕ್ಕೆ, ಪೆಟ್ಟಿಗೆಯೊಳಗಿಂದ ಸಾಹುಕಾರ್ತಿ ಗದರಿಸಿದಳು. ಆಮೇಲೆ ಅತ್ತೆ ಕಾಫಿ ಕೇಳಿದರು.

ಔಷಧಿಗೆ ತಮ್ಮಲ್ಲಿಗೆ ಮತ್ತೆ ಬರುವ ಧೈರ್ಯವಾಗದೆ ರವಿಕುಮಾರ್ ಅರಸೀಕೆರೆಗೆ ಹೋಗಿ ಪರಿಚಯದ ಪಶುವೈದ್ಯರೊಬ್ಬರನ್ನು ಕೇಳಿ ಪುಡಿ ತಂದರು. ಗಾಯ ಒಣಗಿತು, ಹೊಸ ಗರಿ ಮೊಳೆಯಿತು, ರೆಕ್ಕೆ ಸ್ವಲ್ಪ ಓರೆಯಾಗಿಯೇ ಉಳಿಯಿತು. ಅದರಿಂದ ಅವಳ ನಡಿಗೆಯ ಗತ್ತು ಇನ್ನೂ ಹೆಚ್ಚಿದೆ. ತಾವು ರೇಡಿಯೋದಲ್ಲಿ ಹೇಳಿದಂತೆ ತೆಂಗಿನ ಗರಿಯ ಒಟ್ಟನ್ನು ದೂರ ಸಾಗಿಸಿ, ಗೂಡನ್ನು ಕಲ್ಲಿನ ಮೇಲೆತ್ತಿ, ಸಣ್ಣ ಕಣ್ಣಿನ ಜಾಲರಿ ಹೊಡೆದು, ಅದರ ಅಂಚನ್ನು ಮಣ್ಣಿನೊಳಗೆ ಹೂತೆವು. ಮುಂಗುಸಿ ಹಾಡಹಗಲೇ ಬಂದು ಗೂಡಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಕಾಮಗಾರಿ ಪರಿಶೀಲಿಸಿದ ಎಂಜಿನಿಯರರಂತೆ ಮೂಗೆತ್ತಿ ನೋಡಿ, ಬೇಲಿ ದಾಟಿ ಸಿದ್ದಬಸಪ್ಪನವರ ಹಿತ್ತಲಿಗೆ ಹೋಯಿತು. ಅರ್ಧ ಗಂಟೆಯಲ್ಲಿ ಅವರು ಕುತ್ತಿಗೆ ತರಚಿದ ಹೇಂಟೆಯೊಂದನ್ನು ಹಿಡಿದು ನಮ್ಮ ಜಗಲಿಯಲ್ಲಿದ್ದರು. "ಏನ್ ಒಳ್ಳೇದಾಯ್ತಪ್ಪ?" ಎಂದು ಅತ್ತೆ ವಿಚಾರಿಸಿದರು.

ಆ ಹೇಂಟೆಯೂ ಉಳಿಯಿತು. ಸುದ್ದಿ ಹರಡಿತು. ಈಗ ಹದ್ದು ಎರಗಿದ ಮರಿ, ನಾಯಿ ಹಿಡಿದ ಹುಂಜ, ಕಾಡುಬೆಕ್ಕು ಪರಚಿದ ಹೇಂಟೆ ಎಲ್ಲವೂ ನಮ್ಮ ಮನೆಗೇ ಬರುತ್ತಿವೆ. ಆದ್ದರಿಂದ ನನ್ನ ಬೇಡಿಕೆ: ರೇಡಿಯೋದಲ್ಲಿ ಮಾತಾಡುವ ಅಧಿಕಾರಿಗಳನ್ನು ಕೂಡಲೇ ತಮ್ಮ ಆಸ್ಪತ್ರೆಗೆ ವರ್ಗಾಯಿಸಬೇಕು. ದೂರವೇನಿಲ್ಲ, ಅದೇ ಕುರ್ಚಿ, ಅದೇ ಅಂಗಿ. ಕೋಳಿ ಹಿಡಿದು ಬಂದವರನ್ನು ಕೂರಿಸಿ, ಗಾಯ ನೋಡಿ, ಮದ್ದು ಕೊಡಬೇಕು. ಉಳಿಯದ ಕೋಳಿಯಾದರೆ ಉಳಿಯುವುದಿಲ್ಲ ಎಂದು ಮರ್ಯಾದೆಯಿಂದ ಹೇಳಬೇಕು. ಸಾರಿನ ತೀರ್ಮಾನ ಮನೆಯವರಿಗೆ ಬಿಡಬೇಕು.

ತ್ವರೆ ಮಾಡಿ, ಕಾರಣವಿದೆ. ಕಳೆದ ಭಾನುವಾರ ಜವರಪ್ಪ ಎಂಬುವರು ಗಾಯಗೊಂಡ ಹುಂಜವನ್ನು ಕಂಕುಳಲ್ಲಿಟ್ಟುಕೊಂಡು ಬಂದಾಗ ಅತ್ತೆ ಜಗಲಿಯಲ್ಲಿ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದರು. ಹುಂಜದ ಕಡೆ ತಿರುಗದೆಯೇ, "ಇವತ್ತು ಆಗಾಕಿಲ್ಲ, ನಾಳಿಕ್ ಬಾ," ಎಂದರು.

"ಯಾಕವ್ವ?"

"ಭಾನುವಾರ ಅಲ್ವಾ. ರಜ."

ನಾನು ಒಳಗಿಂದ ಓಡಿಬಂದು ಹುಂಜವನ್ನು ಇಸಿದುಕೊಂಡೆ. ಈ ಕೆಲಸ ಎಂಥವರನ್ನೂ ಏನು ಮಾಡಿಬಿಡುತ್ತದೆ ಎಂದು ಆಗ ಅರ್ಥವಾಗಿ, ತಮ್ಮ ಮೇಲಿನ ಕೋಪ ಸ್ವಲ್ಪ ಇಳಿಯಿತು ಕೂಡ. ದಯವಿಟ್ಟು ತಮ್ಮ ಕೆಲಸವನ್ನು ತಾವು ವಾಪಸು ತೆಗೆದುಕೊಳ್ಳಿ. ಮೇಜಿನ ಮೇಲಿಟ್ಟುಕೊಂಡು ಬಾರಿಸುವ ಗಂಟೆ ಎಲ್ಲಿ ಸಿಗುತ್ತದೆ ಎಂದು ಅತ್ತೆ ನಿನ್ನೆ ರವಿಕುಮಾರರನ್ನು ಕೇಳುತ್ತಿದ್ದರು.

ಇಂತಿ,
ಕೈಗಂಟಿದ ಅರಿಶಿನ ಎಷ್ಟು ಉಜ್ಜಿದರೂ ಬಿಡದ,
ಮಂಜುಳಾ
ನೇಮಕಾತಿ ಆದೇಶವಿಲ್ಲದ ಕೋಳಿ ಕಾಂಪೌಂಡರ್