ನಾಲ್ಕನೇ ಸುತ್ತಿನ ಉಸಿರು

ಅಕ್ಕಾ,

ಇವತ್ತು ನಿನ್ನ ಮಗಳು ಓಡಿದಳು. ಉಬ್ಬಸದ ಮಕ್ಕಳಿಗೆ ವ್ಯಾಯಾಮ ಕಲಿಸುವ ಆಸ್ಪತ್ರೆಯ ಕೋಣೆಯಲ್ಲಿ, ಕಿಟಕಿಯ ಬಿಸಿಲಿನೊಳಗೆ, ಕನಸಿನಲ್ಲಿ ತೇಲುವವಳಂತೆ ಓಡಿದಳು. ನಾಲ್ಕನೇ ಸುತ್ತಿಗೆ ಏದುಸಿರು ಬಂದಾಗ ನಾನು ಇನ್‌ಹೇಲರ್ ಹಿಡಿದು ಎದ್ದೆ. ಕಲಿಸುವಾಕೆ ತಡೆದಳು. "ಇದು ಬರೀ ದಣಿವು, ಹೆದರ್ಬೇಡಿ," ಎಂದು ನಿನ್ನ ಮಗಳತ್ತ ತಿರುಗಿದಳು. "ನಿಧಾನ ಪುಟ್ಟಿ, ಸಿಳ್ಳೆ ಹಾಕೋ ಹಾಗೆ ಉಸಿರು ಬಿಡು." ಉಸಿರು ಮೆಲ್ಲಗೆ, ದಾರಿ ನೆನಪಾದಂತೆ, ಹಿಂದಿರುಗಿತು. ಕೆನ್ನೆ ಕೆಂಪಾಗಿ ನಕ್ಕಳು: "ಚಿಕ್ಕಮ್ಮ, ಇನ್ನೊಂದು ಸುತ್ತು?"

ಕೊನೆಯ ದಿನಗಳಲ್ಲಿ ನೀನು ಹಾಸಿಗೆಯಿಂದಲೇ ಹೇಳಿದ್ದೆ: "ಅವಳನ್ನ ಆಡೋಕೆ ಬಿಡೇ, ಕಟ್ಟಿಹಾಕಬೇಡ." ನಾನು ಹೂಂ ಅಂದೆ. ಆಮೇಲೆ ನೀನು ಕೊಡಿಸಿದ್ದ ಓಟದ ಬೂಟುಗಳನ್ನು ಅಟ್ಟದ ಮೇಲೆ ಬಚ್ಚಿಟ್ಟೆ. ಮೂರು ವರ್ಷದ ಮೇಲೆ ಇವತ್ತು ಬೆಳಿಗ್ಗೆ ಇಳಿಸಿದೆ. ಹೊಸದಾಗಿಯೇ ಇದ್ದವು, ಅವಳ ಕಾಲು ಮಾತ್ರ ಒಳಗೆ ಹೋಗಲಿಲ್ಲ.

ಅವಳು ಅವನ್ನು ಬದಿಗಿಟ್ಟು, ಬರಿಗಾಲಲ್ಲೇ ಓಡಲು ಹೊರಟಳು.