ಗ್ರಂಥದೊಳಗೆ ಗುರುತಿಗಿಟ್ಟ ಕಾಗದ

ಪೂಜ್ಯ ಅಣ್ಣ,

ನೀವು ಗತಿಸಿ ವರ್ಷವಾಯಿತು. ಈ ಓಲೆ ನಿಮ್ಮನ್ನು ಮುಟ್ಟದೆಂದು ಬಲ್ಲೆ.

ನಿನ್ನೆ ಅತ್ತಿಗೆ ನಿಮ್ಮ ಪುರಾಣಗ್ರಂಥವನ್ನು ನನ್ನ ಕೈಗಿತ್ತರು. ಪುಟದ ಗುರುತಿಗೆಂದು ನೀವು ಇಟ್ಟಿದ್ದ ಕಾಗದವು ನಿಮ್ಮ ರಕ್ತಪರೀಕ್ಷೆಯ ವರದಿ. ಕೊಲೆಸ್ಟ್ರಾಲ್ ಮುನ್ನೂರ ತೊಂಬತ್ತು. ಕೆಳಗೆ ವೈದ್ಯರ ಕೈಬರಹ: ‘ಇದು ವಂಶದಲ್ಲಿ ಬಂದದ್ದು. ಒಡಹುಟ್ಟಿದವರೂ ಅವರ ಮಕ್ಕಳೂ ತಪ್ಪದೆ ಪರೀಕ್ಷೆ ಮಾಡಿಸಿಕೊಳ್ಳಲಿ.’ ತಾರೀಖು, ನನ್ನ ಮಗ ಹೃದಯಾಘಾತದಿಂದ ತೀರಿಕೊಳ್ಳುವ ಎರಡು ವರ್ಷ ಮೊದಲಿನದು.

“ನಿಂಗೆ ಹೇಳಿರ್ತಾರೆ ಅಂದ್ಕೊಂಡಿದ್ದೆ ಕಣಪ್ಪ,” ಎಂದರು ಅತ್ತಿಗೆ.

ಇಂದು ಬೆಳಿಗ್ಗೆ ನಾನೂ ನನ್ನ ಮಗನ ಮಗಳೂ ಹೋಗಿ ಪರೀಕ್ಷೆಗೆ ರಕ್ತ ಕೊಟ್ಟೆವು. “ತಾತ, ಕಣ್ಣು ಮುಚ್ಚಿದ್ದು ಜಪಕ್ಕೋ, ಸೂಜಿಗೋ?” ಎಂದು ನಕ್ಕಳು. ಸಂಜೆ ವರದಿ ಬಂದಿತು, ಇಬ್ಬರದೂ ನಿಮ್ಮದರಂತೆಯೇ.

“ಈಗ್ಲೇ ಗೊತ್ತಾಯ್ತಲ್ಲ, ಮಾತ್ರೆಯಿಂದ ಹತೋಟಿಗೆ ಬರುತ್ತೆ,” ಎಂದರು ವೈದ್ಯೆ.

ಮಗನ ಶವದ ಬಳಿ ನೀವು ನನ್ನ ಕೈ ಹಿಡಿದು, “ಭಗವಂತನ ಇಚ್ಛೆ, ಸಮಾಧಾನ ಮಾಡ್ಕೋ,” ಎಂದಿರಿ. ನಾನು ನಂಬಿದೆ. ಆಮೇಲೆ ಒಂಬತ್ತು ವರ್ಷ ಪ್ರತಿದಿನವೂ ಆ ಗ್ರಂಥವನ್ನು ನಾನು ಓದಿದೆ, ನೀವು ಅರ್ಥ ಹೇಳಿದಿರಿ. ಗುರುತಿನ ಕಾಗದವನ್ನು ಮಾತ್ರ ನೀವೇ ತೆಗೆದು, ನೀವೇ ಇಡುತ್ತಿದ್ದಿರಿ. ಒಮ್ಮೆಯೂ ನನ್ನ ಕೈಗೆ ಕೊಡಲಿಲ್ಲ.